ಏಳನೇ ಹಾಡಿನ ಧಪ್ ಧಪ್

6 ನವೆಂಬರ್ 2025, ಗುರುವಾರ. ಮಧ್ಯಾಹ್ನ 3:20
ಆರೋಗ್ಯ ಉಪಕೇಂದ್ರ

ಲಸಿಕೆ ಡಬ್ಬಿ ವಾಪಸ್ ಹೋಯಿತು. ಇಂದು ಹತ್ತೊಂಬತ್ತು ಮಕ್ಕಳು. ಹತ್ತೊಂಬತ್ತು ತರಹದ ಅಳು. ಗರ್ಭಿಣಿಯರು ಐದು ಜನ. ರಿಜಿಸ್ಟರ್ ತುಂಬಿ ಆಯಿತು. ಆಶಾ ಕಾರ್ಯಕರ್ತೆ ಗಯಾಬಾಯಿ ಹೊರಗೆ ಕಸ ಗುಡಿಸುತ್ತ ಯಾರನ್ನೋ ಬೈಯುತ್ತಿದ್ದಾಳೆ. ಅವಳು ಮಾತಾಡಿದರೂ ಬೈದ ಹಾಗೆಯೇ, ಅಷ್ಟು ದೊಡ್ಡ ಬಾಯಿ. ಹನ್ನೊಂದು ವರ್ಷ ಜೊತೆಗಿದ್ದು ನನಗೂ ರೂಢಿಯಾಗಿದೆ.

ಒಂದು ವಿಷಯ ಬರೆಯಬೇಕು. ಬರೆಯದಿದ್ದರೆ ಊಟ ಇಳಿಯುವುದಿಲ್ಲ. ಬುತ್ತಿ ಇನ್ನೂ ಬಿಚ್ಚಿಲ್ಲ.

ಫರಹತ್ ಬಂದಿದ್ದಳು. ಚೊಚ್ಚಲು, ಮೂವತ್ನಾಲ್ಕು ವಾರ. ತೂಕ ಸರಿ, ಬಿಪಿ ಸರಿ. ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದೆ, ಕೂಸಿನ ಬೆನ್ನು ಎಡಕ್ಕೆ. ಅಲ್ಲೇ ತುತ್ತೂರಿ ಇಟ್ಟೆ. ಕೂಸಿನ ಬಡಿತ ಕೇಳಿಸುವ ಡಾಪ್ಲರ್ ಮಷೀನಿನ ವೈರು ಹರಿದು ರಿಪೇರಿಗೆ ಹೋಗಿ ಮೂರು ತಿಂಗಳಾಯಿತು. ಅಲ್ಲಿಂದ ಹಳೇ ಫೀಟೋಸ್ಕೋಪೇ ಗತಿ — ಒಂದು ತುದಿ ಹೊಟ್ಟೆಗೆ, ಇನ್ನೊಂದು ಕಿವಿಗೆ. ಟ್ರೇನಿಂಗ್ ದಿನದಿಂದಲೂ ಅದಕ್ಕೆ ನಾನಿಟ್ಟ ಹೆಸರು ತುತ್ತೂರಿ.

ಕೇಳಿಸಲಿಲ್ಲ.

ಜಾಗ ಬದಲಿಸಿದೆ. ಉಸಿರು ಹಿಡಿದೆ. ಪಕ್ಕದ ಹಿಟ್ಟಿನ ಗಿರಣಿ ಗರ್ ಅನ್ನುತ್ತಿತ್ತು. ಹೊರಗೆ ಮಕ್ಕಳು. ಇನ್ನೊಮ್ಮೆ. ಏನೂ ಇಲ್ಲ.

“ಸಿಸ್ಟರ್, ಮುಂಜಾನಿಂದ ಕೂಸು ಜರಾ ಥಂಡಾ ಅದ. ಭಾಳ ಒದಿಯಾಕತ್ತಿಲ್ಲ,” ಅಂದಳು.

“ಮಲ್ಕೊಂಡಿರ್ತದ ಬಿಡು. ನಿನ್ನಂಗೇ ಸೋಮಾರಿ.”

ನಕ್ಕಳು. ನಾನೂ ನಕ್ಕೆ. ತಾಯಿ ಕಾರ್ಡಿನಲ್ಲಿ ಕೂಸಿನ ಎದೆ ಬಡಿತ ನಿಮಿಷಕ್ಕೆ 140 ಎಂದು ಬರೆದೆ.

ಅವಸರ ಇದ್ದವರೆಲ್ಲ ಬರೆಯುವ ನಂಬರ್ ಅದು. ಹೆಚ್ಚೂ ಅಲ್ಲ, ಕಮ್ಮಿಯೂ ಅಲ್ಲ, ಯಾರೂ ಕೇಳುವುದಿಲ್ಲ. ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ಕೇಳದೆ ಬರೆದವಳಲ್ಲ. ಇಂದು ಬರೆದೆ. ಬಾಗಿಲಲ್ಲಿ ನಾಲ್ಕು ಜನ ಕಾಯುತ್ತಿದ್ದರು ಅಂತ ಬರೆದೆನೋ, ಹೆದರಿ ಬರೆದೆನೋ.

ಗಿರಣಿಯದೇ ತಪ್ಪು ಇರಬೇಕು.

7 ನವೆಂಬರ್, ಶುಕ್ರವಾರ. ಬೆಳಿಗ್ಗೆ 8:35
ಬಸ್ಸಿನಲ್ಲಿ

ಅಕ್ಷರ ಸೊಟ್ಟ. ರಸ್ತೆ ಹಾಗಿದೆ. ಬಸವಕಲ್ಯಾಣದಿಂದ ಕೂತೇ ಬಂದೆ, ಸಸ್ತಾಪುರ ಬಂಗ್ಲಾದಲ್ಲಿ ಬಸ್ ತುಂಬಿತು.

ಬೆಳಿಗ್ಗೆಯಿಂದ ಒಂದೇ ಪ್ರಶ್ನೆ. ನಿನ್ನೆ ಗಿರಣಿ ಅಡ್ಡ ಬಂತೋ, ನನ್ನ ಕಿವಿಯೋ, ಅಥವಾ ಮೂರನೆಯದೋ. ಮೂರನೆಯದನ್ನು ಬರೆಯುವುದಿಲ್ಲ.

ಕಿವಿ ಪರೀಕ್ಷೆ ಮಾಡಿಸಬಹುದು. ಮಾಡಿಸಿದರೆ ಚೀಟಿ ಬರುತ್ತದೆ. ಚೀಟಿ ಬಂದರೆ ಆಫೀಸಿಗೆ ಹೋಗುತ್ತದೆ. ಕಿವಿ ಕೇಳದ ನರ್ಸನ್ನು ಇಟ್ಟುಕೊಂಡು ಅವರೇನು ಪೂಜೆ ಮಾಡುತ್ತಾರಾ? ಅದಕ್ಕೇ ನನ್ನದೇ ಒಂದು ಪರೀಕ್ಷೆ ಕಂಡುಹಿಡಿದೆ. ಒಳಗೆ ಹೊರಗೆ ಪೂರ್ತಿ ಗೊತ್ತಿರುವ ಯಾವುದಾದರೂ ಕೇಳಬೇಕು. ಎಲ್ಲಿ ಏನಿದೆ ಅಂತ ಬಾಯಿಪಾಠ ಇರುವಂಥದ್ದು. ಅಂಥದ್ದು ನನಗೆ ಲೋಕದಲ್ಲಿ ಒಂದೇ ಇದೆ — ಕೋಲ್ಡ್ ಫರ್ನೇಸ್ ಬ್ಯಾಂಡಿನ ಮೊದಲ ಆಲ್ಬಮ್ಮು, ‘ಫಸ್ಟ್ ಶಿಫ್ಟ್’.

ಫೋನಿನಲ್ಲಿ ಹುಡುಕಿದೆ. ಸಿಕ್ಕಿತು! ಅದೇ ಒಂಬತ್ತು ಹಾಡು. ಇಪ್ಪತ್ತು ವರ್ಷದ ಮೇಲೆ ಮುಟ್ಟಿರಲಿಲ್ಲ.

1998. ನನಗೆ ಹದಿನಾರು. ನನ್ನಣ್ಣ ದಾದಾ ಸೋಲಾಪುರದಲ್ಲಿ ಪಾಲಿಟೆಕ್ನಿಕ್. ರಜೆಗೆ ಬಂದಾಗ ಆ ಕ್ಯಾಸೆಟ್ ತಂದ. ನಮ್ಮ ಓಣಿಯಲ್ಲಿ ಜಯಂತಿಗೆ ಭೀಮಗೀತೆ, ಶ್ರಾವಣದಲ್ಲಿ ಭಜನೆ, ನಮ್ಮ ಮನೆಯಲ್ಲಿ ಮಾತ್ರ ಐದು ಜನ ಇಂಗ್ಲೆಂಡಿನ ಉದ್ದ ಕೂದಲಿನವರು ಒದರುತ್ತಿದ್ದರು. ನಾಲ್ಕನೇ ಹಾಡಿನ ಪಲ್ಲವಿಯನ್ನು ನಾವು ‘ಕಲ್ಯಾಣಕ್ಕ ಬಾರೋ’ ಅಂತಲೇ ಹಾಡುತ್ತಿದ್ದೆವು. ಅವರು ನಿಜಕ್ಕೂ ಏನು ಹಾಡಿದ್ದಾರೋ ಇಂದಿಗೂ ತಿಳಿಯದು. ಮಜಾ ಅಂದರೆ ಅವ್ವ ಒಂದು ದಿನವೂ ಸೌಂಡ್ ಕಮ್ಮಿ ಮಾಡು ಅನ್ನಲಿಲ್ಲ. ಓಣಿಯ ಹೆಂಗಸರು ಜಗಳಕ್ಕೆ ಬಂದರೆ, ‘ಹುಡುಗರು, ಕೇಳ್ಲಿ ಬಿಡ್ರಿ’ ಅನ್ನುತ್ತಿದ್ದಳು. ಅಂಥ ಅವ್ವ ಯಾರಿಗೂ ಇರಲಿಲ್ಲ.

ಈಗ ಇಯರ್‌ಫೋನ್ ಹಾಕಿ ಮೊದಲೆರಡು ಹಾಡು ಕೇಳಿದೆ. ಗಿಟಾರು ಇದೆ. ಆ ಹರಕು ಗಂಟಲು ಇದೆ. ಕಂಚಿನ ತಟ್ಟೆಯ ಛಣ್ ಛಣ್ ಇದೆ. ಆದರೆ ಏನೋ ತೆಳ್ಳಗೆ. ಕೆಳಗಿನದು ಇಲ್ಲ. ಬೇಸ್ ಗಿಟಾರು, ಕಾಲಲ್ಲಿ ಒದೆಯುವ ಆ ದೊಡ್ಡ ಡ್ರಮ್ಮು... ಹುಳಿ ಹಾಕದ ಸಾರಿನ ಹಾಗೆ.

ನೂರೈವತ್ತು ರೂಪಾಯಿಯ ಇಯರ್‌ಫೋನು. ಬಸ್ಸಿನ ಸದ್ದು ಬೇರೆ. ಇಳಿಯಬೇಕು.

8 ನವೆಂಬರ್, ಶನಿವಾರ. ಬೆಳಿಗ್ಗೆ 7
ಮನೆ

ಟಿವಿ ಜಗಳದಿಂದ ದಿನ ಶುರು. ಯಜಮಾನ ಅಂಬಾದಾಸ ರಿಮೋಟು ಕಸಿದುಕೊಂಡ.

“ಏ, ನಲವತ್ತಕ್ಕ ಇಟ್ಟೀಯಲ್ಲ! ಮೊನ್ನಿ ತನಕಾ ಹದಿನೆಂಟು ಸಾಕಾಗ್ತಿತ್ತು. ಮಂದಿ ಏನಂತಾರ?”

“ಮಂದಿಗೆ ಪುಕ್ಕಟೆ ಸುದ್ದಿ ಕೇಳಸ್ತದ, ಖುಷಿ ಪಡ್ಲಿ ತಗೋ,” ಅಂದೆ.

ನಕ್ಕು ಹೋದ. ಯಾವಾಗಿನಿಂದ ನಲವತ್ತು? ನೆನಪೇ ಇಲ್ಲ.

ಅವನು ಸ್ನಾನಕ್ಕೆ ಹೋದಾಗ ಬಾಗಿಲು ಹಾಕಿ, ಫ್ಯಾನ್ ಬಂದ್ ಮಾಡಿ, ನೇರ ಏಳನೇ ಹಾಡಿಗೆ ಹೋದೆ. ಅದರಲ್ಲಿ ನಡುವೆ ಎಲ್ಲ ವಾದ್ಯ ಒಮ್ಮೆಲೇ ನಿಲ್ಲುತ್ತವೆ. ಮೂರ್ನಾಲ್ಕು ಸೆಕೆಂಡು. ಆ ನಿಶ್ಶಬ್ದದಲ್ಲಿ ತೀರಾ ಕೆಳಗೆ, ದೂರದಲ್ಲಿ, ಧಪ್ ಧಪ್ ಧಪ್ ಅಂತ ಬಡಿತ. ಆಮೇಲೆ ಎಲ್ಲರೂ ಒಟ್ಟಿಗೆ ಮುರಿದುಕೊಂಡು ಬೀಳುತ್ತಾರೆ. ಆ ಬಡಿತಕ್ಕಾಗಿಯೇ ನಾನು ರಿವೈಂಡ್ ಮಾಡಿ ಮಾಡಿ ರೀಲು ಸವೆಸಿದ್ದೆ. ಡ್ರಮ್ಮರ್‌ನ ಎದೆ ಬಡಿತವನ್ನೇ ಮೈಕು ಹಚ್ಚಿ ಹಿಡಿದಿದ್ದಾರೆ ಅಂತ ಟ್ರೇನಿಂಗ್ ಹಾಸ್ಟೆಲಿನಲ್ಲಿ ಎಲ್ಲರಿಗೂ ಹೇಳಿದ್ದೆ. ಮೊದಲ ಸಲ ಒಬ್ಬ ಬಸುರಿ ಹೊಟ್ಟೆಗೆ ಕಿವಿಯಿಟ್ಟಾಗ ಬಾಯಿಂದ ಬಂದದ್ದೇ, ‘ಅಯ್ಯ, ಇದು ಏಳನೇ ಹಾಡು!’ ಮೇಡಮ್ ಬೈದಿದ್ದರು.

ಇಂದು ವಾದ್ಯಗಳು ನಿಂತವು. ನಿಶ್ಶಬ್ದ ಬಂತು.

ಧಪ್ ಧಪ್ ಇಲ್ಲ.

ಐದು ಸಲ ಹಾಕಿದೆ. ಬಲಗಿವಿ. ಎಡಗಿವಿ. ಸೌಂಡ್ ಪೂರ್ತಿ. ಇಲ್ಲ, ಇಲ್ಲ, ಇಲ್ಲ.

ಹಾಡಿನದ್ದು ಕೇಳಿಸುತ್ತಿಲ್ಲ ಅಂದರೆ ಗಿರಣಿಯದು ತಪ್ಪಿಲ್ಲ. ಕಿವಿಯದೇ. ಕಿವಿಯದೇ ಆದರೆ ಫರಹತ್‌ಳ ಕೂಸಿಗೆ ಏನೂ ಆಗಿಲ್ಲ ಅಂತ ಸಮಾಧಾನ ಪಡಬೇಕಲ್ಲವೇ? ಆದರೆ ಕೇಳಿಸದವಳಿಗೆ ಅದಾದರೂ ಹೇಗೆ ಗೊತ್ತಾಗಬೇಕು? ಕೂಸು ಥಂಡಾ ಅದ ಅಂದಿದ್ದಳು. ನಾನು ಸೋಮಾರಿ ಅಂದೆ.

9:15

ಗಯಾಬಾಯಿ ಫೋನು. ಫರಹತ್‌ಳನ್ನು ಇಂದು ಬೆಳಿಗ್ಗೆ ತವರಿಗೆ ಕರೆದುಕೊಂಡು ಹೋದರಂತೆ. ಮನ್ನಾಏಖೇಳ್ಳಿ. ಬಾಣಂತನ ಮುಗಿಸಿಯೇ ಬರುವುದು.

“ಕಾರ್ಡ್ ಒಯ್ದಾಳೇನು?”

“ಒಯ್ದಾಳ್ರಿ. ನೀವು ಎಲ್ಲಾ ಬರೋಬ್ಬರಿ ಅದ ಅಂತ ಬರದೀರಲ್ಲ, ಅಲ್ಲೀ ಸಿಸ್ಟರೂ ಅದ ನೋಡ್ತಾರ.”

ಹೌದು. ಅದನ್ನೇ ನೋಡುತ್ತಾರೆ.

10 ನವೆಂಬರ್, ಸೋಮವಾರ. ಮಧ್ಯಾಹ್ನ 1:30

ಫರಹತ್‌ಳಿಗೆ ಫೋನು ಇಲ್ಲ. ಗಂಡ ಮಹೆಬೂಬನ ನಂಬರಿಗೆ ಹಚ್ಚಿದೆ. ಅವನು ಟೈಲ್ಸ್ ಕೂಡಿಸುವ ಕೆಲಸದಲ್ಲಿ, ಹಿಂದೆ ಕಟ್ಟರ್ ಕಿರಿಕಿರಿ.

“ಆರಾಮ ಅದಾಳ್ರಿ ಸಿಸ್ಟರ್. ಯಾಕ್ರೀ, ಏನರ ಅದನ?”

“ಏನಿಲ್ಲಪ್ಪ. ಸಹಜ ಕೇಳಿದೆ. ಕೂಸು ಒದಿತದಂತೇನು?”

“ಅದನ್ನ ನಾ ಹ್ಯಾಂಗ ಕೇಳ್ಲ್ರಿ?” ನಾಚಿಕೊಂಡ. “ಫಿಕರ್ ಮಾಡಬ್ಯಾಡ್ರಿ. ನೀವಽ ನೋಡೀರಲ್ಲ.”

ನಾನೇ ನೋಡಿದ್ದೇನೆ. ಅದೇ ಅಲ್ಲವೇ ಫಿಕರ್.

ಅಲ್ಲಿಯ ಸಿಸ್ಟರಿಗೆ ಒಂದು ಫೋನು ಮಾಡಿ, ‘ಇವಳನ್ನು ಇನ್ನೊಮ್ಮೆ ನೋಡಿ’ ಅನ್ನಬಹುದಿತ್ತು. ಎರಡು ಸಲ ನಂಬರ್ ತೆಗೆದೆ. ಯಾಕೆ ಅಂತ ಕೇಳುತ್ತಾರೆ. ಏನು ಹೇಳಲಿ? ಬರೆದ 140 ಸುಳ್ಳು ಅಂತಲೇ? ಫೋನು ಬ್ಯಾಗಿಗೆ ಹಾಕಿದೆ. ಹೇಡಿ. ಇಲ್ಲಿ ಬರೆದರೆ ಯಾರಿಗೆ ಏನು ಉಪಕಾರ.

13 ನವೆಂಬರ್, ಗುರುವಾರ. ಸಂಜೆ 4

ಮತ್ತೆ ಗುರುವಾರ ಬಂದೇ ಬಂತು. ಬಸುರಿಯರು ಮೂವರು.

ಬೆಳಿಗ್ಗೆಯೇ ಗಿರಣಿಯವನಿಗೆ ಕೈಮುಗಿದು ಒಂದು ತಾಸು ಬಂದ್ ಮಾಡಿಸಿದೆ. ಗಯಾಬಾಯಿಯನ್ನು ಬಾಗಿಲಿಗೆ ನಿಲ್ಲಿಸಿ, ಯಾರೂ ಪಿಟ್ಟೆನ್ನಬಾರದು ಅಂದೆ. ಯಾರೂ ಮಾತಾಡದ ಹಾಗೆ ನೋಡಿಕೊಳ್ಳಲು ಅವಳೇ ಒಂದೇ ಸಮನೆ ಒದರಿದಳು.

ಭುವನೇಶ್ವರಿ — ಬಡಕಲು ದೇಹ, ಹೊಟ್ಟೆ ತೆಳ್ಳಗೆ. ತುತ್ತೂರಿ ಒತ್ತಿ ಇಟ್ಟೆ. ದೂರದಲ್ಲಿ... ಕೇಳಿಸಿತು! ಗಡಿಯಾರ ದಿಂಬಿನ ಕೆಳಗಿಟ್ಟ ಹಾಗೆ. ಎಣಿಸಿದೆ. ಹದಿನೈದು ಸೆಕೆಂಡಿಗೆ ಮೂವತ್ತಾರು. ಕಣ್ಣಲ್ಲಿ ನೀರು ಬಂತು. ಅವಳು ಗಾಬರಿ. “ಏನಾಯ್ತ್ರಿ ಸಿಸ್ಟರ್?” ಕಸ ಬಿತ್ತು ಅಂದೆ.

ಎರಡನೆಯವಳದು ಕೇಳಿಸಿದ ಹಾಗೆ.

ಮೂರನೆಯವಳು ಮಹಾನಂದಾ. ಏನೋ ಇತ್ತು. ಕೂಸಿನದೋ, ನನ್ನ ಕಿವಿಯಲ್ಲೇ ಬಡಿಯುವ ನನ್ನ ನಾಡಿಯೋ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ತಾಯಂದಿರು ತುತ್ತೂರಿ ನೋಡುವುದಿಲ್ಲ, ನರ್ಸಿನ ಮುಖ ನೋಡುತ್ತಾರೆ. ನಕ್ಕೆ. 138 ಬರೆದೆ. 140 ಬರೆಯಲು ನಾಚಿಕೆಯಾಯಿತು.

ತುತ್ತೂರಿ ಒರೆಸಿ ಡ್ರಾಯರಿಗೆ ಹಾಕಿದೆ.

ಮನ್ನಾಏಖೇಳ್ಳಿಯಿಂದ ಸುದ್ದಿ ಇಲ್ಲ.

16 ನವೆಂಬರ್, ಭಾನುವಾರ. ಮಧ್ಯಾಹ್ನ 2:40
ಹುಮನಾಬಾದ, ದಾದಾನ ಮನೆ

ಹೊಟ್ಟೆ ತುಂಬ ಉಂಡೆ. ಹತ್ತು ದಿನದಲ್ಲಿ ಮೊದಲ ಸಲ. ಬರೆಯುತ್ತ ನಗು ಬರುತ್ತಿದೆ. ಹುಚ್ಚಿ ನಾನು. ಶುದ್ಧ ಹುಚ್ಚಿ.

ಬೆಳಿಗ್ಗೆ ದಾದಾನ ಅಂಗಡಿಗೆ ಬಂದೆ. ಸಂಘರತ್ನ ದಾದಾ ಈಗ ಮೋಟಾರು ವೈಂಡಿಂಗ್ ಮಾಡುತ್ತಾನೆ, ಜೊತೆಗೆ ಮದುವೆ ಡಿಜೆಗಳ ಸ್ಪೀಕರ್ ರಿಪೇರಿ. ಭಾನುವಾರವೂ ಬಾಗಿಲು ತೆಗೆದೇ ಇರುತ್ತದೆ. ಏನೂ ಹೇಳದೆ ಫೋನು ಕೊಟ್ಟೆ.

“ದಾದಾ, ಕೋಲ್ಡ್ ಫರ್ನೇಸ್ ಸಿಕ್ಕದ. ಏಳನೇ ಹಾಡು ಹಚ್ಚು. ನಡುವ ನಿಲ್ತದಲ್ಲ, ಅಲ್ಲಿ ಧಪ್ ಧಪ್ ಕೇಳ್ತದೇನು ಹೇಳು.”

ಅವನ ಮುಖ ಅರಳಿತು. ಅಷ್ಟೆತ್ತರದ ಸ್ಪೀಕರಿಗೆ ಹಚ್ಚಿದ. ಬೆಂಚಿನ ಮೇಲೆ ಇಬ್ಬರೂ ಕೂತೆವು. ಬೀದಿಯವರೆಲ್ಲ ತಿರುಗಿ ನೋಡಿದರು. ತಲೆ ನರೆತ ಅಣ್ಣ ತಂಗಿ ‘ಕಲ್ಯಾಣಕ್ಕ ಬಾರೋ’ ಅಂತ ಒದರುವುದನ್ನು ಯಾರು ನೋಡಿದ್ದಾರೆ. ಏಳನೆಯದು ಬಂತು. ನಿಂತಿತು. ನಾನು ಅವನ ಬಾಯಿಯನ್ನೇ ನೋಡಿದೆ.

“ಇಲ್ಲ,” ಅಂದ.

“ಖರೇ? ಇನ್ನೊಮ್ಮಿ ಹಚ್ಚು.”

“ಹತ್ತು ಸಲ ಹಚ್ಚಿದ್ರೂ ಇಲ್ಲಲೇ. ಇದ್ರಾಗ ಹ್ಯಾಂಗ ಇರ್ತದ?” ನಗಲು ಶುರು ಮಾಡಿದ. ಕೈಯಲ್ಲಿದ್ದ ತಾಮ್ರದ ತಂತಿ ಕೆಳಗೆ ಬಿತ್ತು. “ಅದು ಡ್ರಮ್ಮರಂದು ಅಲ್ಲಲೇ ಪ್ರಣಿ. ನಮ್ಮವ್ವಂದು. ರೊಟ್ಟಿ ಬಡಿಯೋದು!”

ಕಥೆ ಹೀಗೆ. ಒರಿಜಿನಲ್ ಕ್ಯಾಸೆಟ್ ಸೋಲಾಪುರದ ದೋಸ್ತನದು, ಒಂದೇ ದಿನಕ್ಕೆ ತಂದದ್ದು. ನಮ್ಮಲ್ಲಿ ಇದ್ದದ್ದು ಒಂದೇ ಟೇಪು. ದಾದಾ ಪಕ್ಕದ ಪಾಂಡುರಂಗ ಕಾಕಾನ ಟೇಪು ಬೇಡಿ ತಂದು, ಎರಡನ್ನೂ ಎದುರುಬದುರು ಇಟ್ಟು, ಒಂದರಲ್ಲಿ ಹಾಡು ಹಚ್ಚಿ ಇನ್ನೊಂದರಲ್ಲಿ ರೆಕಾರ್ಡ್ ಒತ್ತಿದ್ದ. ವೈರು ಗೀರು ಯಾರಿಗೆ ಗೊತ್ತಿತ್ತು? ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದ್ದ. ಅಡುಗೆ ಮನೆಗೆ ಬಾಗಿಲೇ ಇರಲಿಲ್ಲ. ಏಳನೇ ಹಾಡಿನ ಹೊತ್ತಿಗೆ ಅವ್ವ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂತಳು. ಹಾಡಿನ ಗದ್ದಲದಲ್ಲಿ ಮುಚ್ಚಿ ಹೋಯಿತು, ನಿಂತ ಜಾಗದಲ್ಲಿ ಮಾತ್ರ ಬಯಲಾಯಿತು.

“ಹೇಳಬಾರದಿತ್ತೇನು ಇಷ್ಟ ವರ್ಷ?”

“ನೀ ಹಾಸ್ಟೆಲ್ ತುಂಬ ಡ್ರಮ್ಮರನ ಎದಿ ಬಡಿತ ಅಂತ ಡಂಗುರಾ ಸಾರಿ ಬಂದಿದ್ದಿ. ನಾ ಯಾವ ಬಾಯಿಲೆ ರೊಟ್ಟಿ ಅನ್ಲಿ?”

“ಅವ್ವಗ ಬಂದ್ ಮಾಡು ಅನ್ನಬೇಕಿಲ್ಲ?”

“ಅಂದೆನಲ್ಲ. ಜೋರ ಒದರಿದ್ರ ಟೇಪಿನ್ಯಾಗ ಬರ್ತದಂತ, ಹಿಂದ ಹೋಗಿ ಮಗ್ಗಲದಾಗ ನಿಂತು ಸಣ್ಣ ದನಿಲೇ ಅವ್ವಾ ಅವ್ವಾ ಅಂದೆ. ತಿರುಗಿ ಸೈತ ನೋಡ್ಲಿಲ್ಲ. ಸಿಟ್ಟಿನ್ಯಾಗ ಇದ್ಳೋ ಏನೋ.”

ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಅತ್ತಿಗೆ ಒಳಗಿನಿಂದ ಬಂದು ನೋಡಿ ಹೋದಳು. ಅವ್ವ ಹೋಗಿ ಎಂಟು ವರ್ಷ. ಗಿರಿಜಾಬಾಯಿ, ಕೋಲ್ಡ್ ಫರ್ನೇಸಿನ ಆರನೇ ಮೆಂಬರು!

ಕಿವಿ ಸರಿಯಿದೆ. ಇಲ್ಲದ್ದು ಕೇಳಿಸಲಿಲ್ಲ, ಅಷ್ಟೇ. ಅಂದರೆ ಅವತ್ತು ಗಿರಣಿಯದೇ ತಪ್ಪು. ಫರಹತ್ ಆರಾಮಿದ್ದಾಳೆ. ಇಂದು ನಿದ್ದೆ ಬರುತ್ತದೆ.

17 ನವೆಂಬರ್, ಸೋಮವಾರ. ಬೆಳಿಗ್ಗೆ 6:10
ಮನೆ

ರೊಟ್ಟಿ ಬಡಿಯುತ್ತಿದ್ದೆ. ಅಂಬಾದಾಸ ಹಿಂದೆ ಬಂದು ಭುಜ ಮುಟ್ಟಿದ. ಬೆಚ್ಚಿಬಿದ್ದೆ.

“ಎಷ್ಟ ಸಲ ಕರೀಲಿ? ಇಲ್ಲೇ ನಿಂತು ಕರ್ಯಾಕತ್ತೀನಿ.”

ರೊಟ್ಟಿ ಹಂಚಿನ ಮೇಲೆ ಸುಟ್ಟಿತು. ನಾನು ಕೈಯಲ್ಲಿ ಹಿಟ್ಟು ಹಿಡಿದು ಹಾಗೇ ಕೂತೆ.

ಅವ್ವ ಸಿಟ್ಟಿನಲ್ಲಿ ಇರಲಿಲ್ಲ.

ಅವ್ವನಿಗೆ ಕೇಳಿಸಲಿಲ್ಲ. ಮಗ್ಗುಲಲ್ಲಿ ನಿಂತು ಕರೆದರೂ ಕೇಳಿಸಲಿಲ್ಲ. ಸೌಂಡ್ ಕಮ್ಮಿ ಮಾಡು ಅಂತ ಒಂದು ದಿನವೂ ಯಾಕೆ ಅನ್ನಲಿಲ್ಲ? ಹುಡುಗರ ಮೇಲಿನ ಪ್ರೀತಿಗೆ ಅಂತ ಇಪ್ಪತ್ತೇಳು ವರ್ಷ ಹೇಳಿಕೊಂಡು ತಿರುಗಿದೆ. ನಾನು ನೌಕರಿಗೆ ಸೇರುವ ಹೊತ್ತಿಗೆ ಓಣಿಯಲ್ಲಿ ಅವಳ ಹೆಸರೇ ಕಿವುಡಿ ಗಿರಿಜಾ. ನೀರು ತಾ ಅಂದರೆ ನೂಲು ತರುತ್ತಿದ್ದಳು, ನಾವು ಬಿದ್ದು ಬಿದ್ದು ನಗುತ್ತಿದ್ದೆವು. ವಯಸ್ಸಾಯಿತು ಅಂದೆ. ನರ್ಸ್ ನಾನು. ಒಂದು ದಿನ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಲಿಲ್ಲ. ಎಂಥ ವಯಸ್ಸು? ಆ ಕ್ಯಾಸೆಟ್ ಮಾಡಿದ ವರ್ಷ ಅವಳಿಗೆ ನಲವತ್ತಮೂರು.

ನನಗೆ ಈಗ ನಲವತ್ತಮೂರು.

ಇನ್ನೂ ಒಂದು. ನಿನ್ನೆ ಸ್ಪೀಕರ್ ಮುಂದೆ ದಾದಾ, “ಬೇಸ್ ನೋಡು ಹ್ಯಾಂಗ ಗುದ್ದಾಕತ್ತದ” ಅಂದ. ಹೂಂ ಅಂದೆ. ಗುದ್ದಿದ್ದು ಗೊತ್ತಾಯಿತು, ಹೌದು. ಬೆಂಚಿನಲ್ಲಿ ಗೊತ್ತಾಯಿತು, ಕಾಲಲ್ಲಿ ಗೊತ್ತಾಯಿತು. ಕಿವಿಯಲ್ಲಿ ಅಲ್ಲ. ಅವ್ವನ ರೊಟ್ಟಿ ಹಾಡಿನಲ್ಲಿ ಇಲ್ಲವೇ ಇಲ್ಲ, ಸರಿ. ಬೇಸ್ ಇದೆಯಲ್ಲ. ಬೇಸ್ ಅಂತೂ ಇಂಗ್ಲೆಂಡಿನವರೇ ಬಾರಿಸಿದ್ದು. ಅದು ನನಗೆ ಬರಲೇ ಇಲ್ಲ.

ಕೂಸಿನ ಬಡಿತವೂ ಅಷ್ಟೇ ಕೆಳಗಿನ ದನಿ.

ಇದನ್ನು ನಿನ್ನೆಯೇ ತಿಳಿಯಬೇಕಿತ್ತು. ಉಂಡು ನಕ್ಕೆ.

10:45

ಗಯಾಬಾಯಿ ಫರಹತ್‌ಳ ಅಮ್ಮಿಗೆ ಫೋನು ಮಾಡಿದ್ದಳಂತೆ, ಬೇರೆ ಯಾವುದೋ ಕಾರಣಕ್ಕೆ. ಮಾತಿನ ಮಧ್ಯೆ ಆಕೆ, “ಕೂಸು ಈಗೀಗ ಸುಮ್ಮ ಇರ್ತದ, ಹೆಣ್ಣೇ ಇರಬೇಕು” ಅಂದು ನಕ್ಕಳಂತೆ. ಗಯಾಬಾಯಿಯೂ ನಗುತ್ತ ನನಗೆ ಹೇಳಿದಳು.

ನಾಳೆ ಮುಂಜಾನೆ ಮೊದಲ ಬಸ್ಸಿಗೆ. ಇಂದೇ ಹೋಗಬೇಕು. ಇಂದು ಮೀಟಿಂಗ್... ಮೀಟಿಂಗ್ ಒಂದು ನೆಪ. ಗೊತ್ತಿದೆ. ಹೋದರೆ ಗೊತ್ತಾಗಿಬಿಡುತ್ತದೆ ಅಂತ ಹೆದರಿಕೆ.

18 ನವೆಂಬರ್, ಮಂಗಳವಾರ. ಬೆಳಿಗ್ಗೆ 7:25
ಬಸ್ಸಿನಲ್ಲಿ, ಹುಮನಾಬಾದ ದಾಟಿ

ಬುತ್ತಿ ಕಟ್ಟಿಲ್ಲ. ತುತ್ತೂರಿ ಮಾತ್ರ ಬ್ಯಾಗಿನಲ್ಲಿ. ಅಂಬಾದಾಸನಿಗೆ ಹೇಳಲಿಲ್ಲ.

ಏನಾದರೂ ಆಗಿದ್ದರೆ... ಹನ್ನೆರಡು ದಿನ. ಹನ್ನೆರಡು ದಿನ ನಾನು ಹಾಡು ಕೇಳುತ್ತ ಕೂತಿದ್ದೆ.

18 ನವೆಂಬರ್. ಮಧ್ಯಾಹ್ನ 1:10
ಹುಮನಾಬಾದ, ಆಸ್ಪತ್ರೆಯ ಬೆಂಚು

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬಸ್ ಸ್ಟಾಪಿನಿಂದ ಮನೆ ಹತ್ತಿರವೇ. ಫರಹತ್‌ಳ ಅಬ್ಬಾ ಖಮರುದ್ದೀನ್ ಸಾಬ್ ಬಾಗಿಲಲ್ಲೇ ಇದ್ದರು. “ಬರ್ರಿ ಸಿಸ್ಟರ್, ಅಷ್ಟ ದೂರದಿಂದ ನಮ್ಮ ಮಗಳಿಗಾಗಿ ಬಂದ್ರಿ” ಅಂದು ಖುರ್ಚಿ ಒರೆಸಿದರು. ಮುಖ ಎತ್ತಲಾಗಲಿಲ್ಲ. ಚಹಾ ಬೇಡ ಅಂದೆ. ಫರಹತ್ ಮಂಚದಲ್ಲಿ, ಕಾಲು ಸ್ವಲ್ಪ ಬಾತಿತ್ತು.

“ಒದಿತದೇನು?”

“ಒದಿತದ್ರಿ. ಆದ್ರ ಮೊದಲಿನಂಗ ಇಲ್ಲ.”

ತುತ್ತೂರಿ ಇಟ್ಟೆ. ಎಡಕ್ಕೆ, ಹೊಕ್ಕುಳ ಕೆಳಗೆ, ಬಲಕ್ಕೆ. ನಾಲ್ಕು ಜಾಗ. ಓಣಿಯಲ್ಲಿ ಗಿರಣಿ ಇಲ್ಲ. ಮಕ್ಕಳಿಲ್ಲ. ಅಮ್ಮಿ ಉಸಿರು ಹಿಡಿದು ನನ್ನ ಮುಖ ನೋಡುತ್ತಿದ್ದಳು. ನಾನು ಯಾವಾಗಲೂ ನಗುವ ಹೊತ್ತು ಅದು. ನಗಲಾಗಲಿಲ್ಲ.

“ಫರಹತ್, ನನಗ ಕೇಳವಲ್ದು. ನನ್ನ ಕಿವಿದು ಇರಬಹುದು, ಕೂಸಿಂದೂ ಇರಬಹುದು. ನನಗ ಗೊತ್ತಾಗವಲ್ದು. ಅವತ್ತೂ ಕೇಳಿದ್ದಿಲ್ಲ. ಸುಳ್ಳ ಬರದೆ. ಈಗೇ ದವಾಖಾನಿಗೆ ಹೋಗೂಣು, ಏಳು.”

ಅಮ್ಮಿ ಬಾಯಿಗೆ ಸೆರಗು ಹಿಡಿದಳು. “ಯಾ ಅಲ್ಲಾ!” ಖಮರುದ್ದೀನ್ ಸಾಬ್ ಆಟೋ ತರಲು ಓಡಿದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಇಪ್ಪತ್ತು ಕಿಲೋಮೀಟರ್ ದಾರಿಯಲ್ಲಿ ಫರಹತ್ ನನ್ನ ಕೈ ಬಿಡಲಿಲ್ಲ. ಅವಳಿಗೆ ಹಿಡಿಯಲು ಬೇರೆ ಕೈ ಇರಲಿಲ್ಲ, ಅಮ್ಮಿಯ ಕೈಯಲ್ಲಿ ತಸ್ಬಿ ಮಣಿಸರ ಇತ್ತು.

ಹೆರಿಗೆ ವಾರ್ಡಿನಲ್ಲಿ ಸ್ಟಾಫ್ ನರ್ಸ್ ವಿದ್ಯಾವತಿ ಒಬ್ಬಳೇ, ಪಕ್ಕದ ಕೋಣೆಯಲ್ಲಿ ಒಂದು ಹೆರಿಗೆ ನಡೆದಿತ್ತು. ಡಾಪ್ಲರ್ ನನ್ನ ಕೈಗಿಟ್ಟಳು. “ಸಿಸ್ಟರ್, ನೀವಽ ಹಚ್ಚರಿ, ಬಂದೆ.”

ಜೆಲ್ ಹಚ್ಚಿದೆ. ಮಷೀನು ಇಟ್ಟೆ. ಸದ್ದಿಲ್ಲ. ಗುಂಡಿ ತಿರುಗಿಸಿದೆ. ಎಲ್ಲೋ ಏನೋ ಇದ್ದ ಹಾಗೆ. ಇನ್ನೂ ತಿರುಗಿಸಿದೆ. ಫರಹತ್ ಕಣ್ಣು ಮುಚ್ಚಿದ್ದಳು. ಕೊನೆಯವರೆಗೆ ತಿರುಗಿಸಿದೆ. ಆಗ, ತುಂಬಾ ದೂರದಿಂದ...

ಬಾಗಿಲು ದೂಡಿಕೊಂಡು ವಿದ್ಯಾವತಿ ಬಂದಳು.

“ಯಾರ್ರಿ ಇಷ್ಟ ಜೋರ ಇಟ್ಟವರು? ಹೊರಗ ಚೀಟಿ ಮಾಡಸೋರ ತನಕಾ ಕೇಳಾಕತ್ತದ!”

ನೋಡಿದರೆ ಫರಹತ್ ಎರಡೂ ಕಿವಿಗೆ ಕೈ ಮುಚ್ಚಿಕೊಂಡು ಅಳುತ್ತಿದ್ದಳು, ನಗುತ್ತಿದ್ದಳು. ಅಮ್ಮಿ ಗೋಡೆಗೆ ಒರಗಿ ಕೂತುಬಿಟ್ಟಿದ್ದಳು. ಮಷೀನಿನ ಸಣ್ಣ ಕಿಟಕಿಯಲ್ಲಿ ನಂಬರ್. 146. 148. 146.

ಬದುಕಿದೆ. ಕೂಸು ಬದುಕಿದೆ.

ವಿದ್ಯಾವತಿ ಗುಂಡಿ ಇಳಿಸಿದಳು. ನನ್ನ ಪಾಲಿಗೆ ಕೋಣೆ ಮತ್ತೆ ಖಾಲಿಯಾಯಿತು. ಉಳಿದವರೆಲ್ಲ ಇನ್ನೂ ಕೇಳುತ್ತಿದ್ದರು, ಮುಖದಲ್ಲಿ ಕಾಣುತ್ತಿತ್ತು.

“ನಿಮಗ ಕೇಳಸ್ಲಿಲ್ಲೇನ್ರಿ ಸಿಸ್ಟರ್?”

“ಇಲ್ಲ,” ಅಂದೆ.

ಡಾಕ್ಟರು ಬಂದು ನೋಡಿದರು. ಬಿಪಿ ಸ್ವಲ್ಪ ಏರಿದೆ, ಸ್ಕ್ಯಾನ್ ಮಾಡಿಸಿ ಎರಡು ದಿನ ಇಲ್ಲೇ ಇಡುತ್ತಾರಂತೆ. ಬಂದದ್ದು ಒಳ್ಳೆಯದಾಯಿತು ಅಂದರು. ಖಮರುದ್ದೀನ್ ಸಾಬ್ ನನ್ನ ಪಕ್ಕ ಬೆಂಚಿನಲ್ಲಿ ಕೂತು, “ನೀವು ಹೇಳದಿದ್ರ ನಮಗ ಹ್ಯಾಂಗ ಗೊತ್ತಾಗ್ತಿತ್ತ್ರೀ?” ಅಂದರು. ಥ್ಯಾಂಕ್ಸ್ ಅಂದರೋ, ಬೈದರೋ. ಎರಡೂ ಇರಬೇಕು.

ಆ ಮಾತೇ ಈಗ ಕಿತ್ತು ತಿನ್ನುತ್ತಿದೆ. ಫರಹತ್ ಒಬ್ಬಳೇ ಅಲ್ಲವಲ್ಲ. ಡಾಪ್ಲರ್ ಕೆಟ್ಟದ್ದು ಆಗಸ್ಟಿನಲ್ಲಿ. ಅಲ್ಲಿಂದ ಎಷ್ಟು ಹೊಟ್ಟೆಗೆ ತುತ್ತೂರಿ ಇಟ್ಟಿದ್ದೇನೆ? ನವೆಂಬರ್ ಆರರಂದೇ ಕಿವಿ ಹೋಯಿತೇನು? ಕಿವಿ ಹಾಗೆ ತಾರೀಖು ನೋಡಿ ಹೋಗುತ್ತದೆಯೇ? ಕೇಳಿಸಿದ ಹಾಗೆ ಅಂತ ಎಷ್ಟು ಬರೆದೆ?

1:35

ಗಯಾಬಾಯಿಗೆ ಫೋನು ಮಾಡಿ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡೆ. “ರಿಜಿಸ್ಟರ್ ತೆಗಿತೀನಿ, ನಿಂದರ್ರಿ” ಅಂದಳು. ಈಗ ಒಂದೊಂದೇ ಹೆಸರು ಓದುತ್ತಿದ್ದಾಳೆ. ಅವಳ ದೊಡ್ಡ ದನಿ ಫೋನಿನಲ್ಲಿ ಚೆನ್ನಾಗಿ ಬರುತ್ತದೆ. ನಾನು ಬರೆದುಕೊಳ್ಳುತ್ತಿದ್ದೇನೆ. ನಾಳೆಯಿಂದ ಪ್ರತಿ ಮನೆಗೂ ಹೋಗಿ, ಎಲ್ಲರನ್ನೂ ಇಲ್ಲಿಗೆ ಕರೆತರಬೇಕು. ಮೇಲಿನವರಿಗೆ ಪತ್ರ ಆಮೇಲೆ.

ಶ್ರೀದೇವಿ, ಆಗಸ್ಟ್ 28. ಕೇಳಿಸಿತ್ತು. ಖಾತ್ರಿ. ಹೆತ್ತು ಆರಾಮಿದ್ದಾಳೆ.

ಮಹಾನಂದಾ. ಇಲ್ಲ. ಮೊನ್ನೆಯ 138 ಊಹೆ. ನಾಳೆ ಮೊದಲು ಅವಳೇ.

ರೇಷ್ಮಾ, ಸೆಪ್ಟೆಂಬರ್ 11. ಕೇಳಿಸಿತ್ತು ಅನಿಸುತ್ತದೆ. ಅನಿಸಿದರೆ ಸಾಲದು. ಕರೆತರಬೇಕು.

ಅಂಬಿಕಾ, ಸೆಪ್ಟೆಂಬರ್ 25. ಆಗ ಏಳೂವರೆ ತಿಂಗಳು. 140. ಅಂದು ಸಂತೆ ಗದ್ದಲ, ನೆನಪಿದೆ. ಕೇಳಿಸಲಿಲ್ಲ ಅಂತಲೂ ಈಗ ನೆನಪಾಗುತ್ತಿದೆ. ಹೆರಿಗೆಗೆ ತವರಿಗೆ ಹೋದಳು, ಉಮರ್ಗಾ ಕಡೆ. ದಿನ ತುಂಬಿರಬೇಕು. ಅಂಬಿಕಾದು ಏನಾಯ್ತು ಗಯಾಬಾಯಿ, ಹಡದಳೇನು ಅಂತ ಕೇಳಿದೆ.

ಗಯಾಬಾಯಿ ದನಿ ಇಳಿಸಿದಳು. ಏನೋ ಹೇಳುತ್ತಿದ್ದಾಳೆ. ಜೋರಾಗಿ ಹೇಳು ಅಂದೆ. ಹೇಳುತ್ತಲೇ ಇದ್ದಾಳೆ, ನನಗೆ ಕೇಳಿಸುತ್ತಿಲ್ಲ.